ಬರಿಗೈಯ ಗಾರುಡಿಗ

ನಂಜನಗೂಡಿನ ದೊಡ್ಡ ಜಾತ್ರೆಯನ್ನು ಎಳವೆಯಲ್ಲಿ ಕಂಡ ಹಿರಿಯರನ್ನು ಮಾತಿಗೆಳೆದು ನೋಡಿ. ಮೊದಲು ಐದು ತೇರುಗಳ ವೈಭವ ಹೇಳುತ್ತಾರೆ. ಆಮೇಲೆ ಕಪಿಲೆಯ ಮುಳುಗು, ರಸಬಾಳೆ, ಬೆಂಡು ಬತ್ತಾಸು, ಬಳೆ ಅಂಗಡಿಗಳ ಸಾಲು. ಮಾತು ಇನ್ನಷ್ಟು ಬೆಳೆದರೆ ಗಾರುಡಿಗ ಬಂದೇ ಬರುತ್ತಾನೆ. ಹೆಗಲಿಗೊಂದು ಜೋಳಿಗೆ, ಕೈಯಲ್ಲೊಂದು ಬುಡುಬುಡಿಕೆ, ಜೊತೆಗೊಬ್ಬ ಹುಡುಗ. ರಸ್ತೆಯ ಬದಿಯಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು ಅವನು ಕುಳಿತನೆಂದರೆ ಅದೇ ಅವನ ರಂಗಮಂದಿರ. ಪರದೆ ಇಲ್ಲ, ಟಿಕೇಟು ಇಲ್ಲ, ಹೊತ್ತು ಗೊತ್ತು ಇಲ್ಲ. ನಾಲ್ಕು ಜನ ನಿಂತರೆ ಆಟ ಶುರು.

ನಾವು ಜಾದೂಗಾರರ ಚರಿತ್ರೆ ಬರೆಯುವಾಗ ದೊಡ್ಡ ವೇದಿಕೆಯ ದೊಡ್ಡ ಹೆಸರುಗಳನ್ನೇ ಬರೆಯುತ್ತೇವೆ. ಟ್ಯಾಂಗೈಲ್‌ನಲ್ಲಿ ಹುಟ್ಟಿದ ಪಿ.ಸಿ. ಸರ್ಕಾರ್ (1913-1971) 'ಇಂದ್ರಜಾಲ' ಎಂಬ ತಮ್ಮ ಪ್ರದರ್ಶನವನ್ನು ಜಗತ್ತಿನ ಎಷ್ಟೋ ದೇಶಗಳಿಗೆ ಕೊಂಡೊಯ್ದರು. ರಾಜಪೋಷಾಕು, ದೀಪಗಳು, ಪೆಟ್ಟಿಗೆಗಳು, ವಾದ್ಯಗಳು, ಸಹಾಯಕರ ದಂಡು ಅವರ ಜೊತೆಗಿರುತ್ತಿತ್ತು. ಅದೊಂದು ಮಹಾ ಸಾಧನೆ, ಅನುಮಾನವಿಲ್ಲ. ಆದರೆ ಎಲ್ಲಿ ನಿಲ್ಲಿಸಿ ಕೇಳಿದರೂ, ಯಾರು ಕೇಳಿದರೂ, ಆ ಕ್ಷಣದಲ್ಲೇ ಬೆರಗು ಹುಟ್ಟಿಸಬೇಕಾದ ಇನ್ನೊಂದು ಪರಂಪರೆ ಅದಕ್ಕಿಂತ ಬಹಳ ಹಳೆಯದು. ಅದು ಬೀದಿಯದು. ಅದರ ಚರಿತ್ರೆಯನ್ನು ಕೆದಕಿದರೆ ಅಪರಿಚಿತನನ್ನು ನಮ್ಮ ಊರುಗಳು ಹೇಗೆ ಬರಮಾಡಿಕೊಳ್ಳುತ್ತಿದ್ದವು ಎಂಬುದರ ಚರಿತ್ರೆಯೂ ಸಿಗುತ್ತದೆ.

ಜಾತ್ರೆಗಳ ನಾಡು

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ನದಿಗಳ ಸೀಮೆ. ಕಪಿಲೆ, ಅಂದರೆ ಕಬಿನಿ, ನಂಜನಗೂಡನ್ನು ಹಾಯ್ದು ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ನದಿ ಇದ್ದಲ್ಲಿ ತೀರ್ಥ, ತೀರ್ಥವಿದ್ದಲ್ಲಿ ಜಾತ್ರೆ. ಚಳಿ ಇನ್ನೂ ಬಿಡದ ದಿನಗಳಲ್ಲಿ ಸುತ್ತೂರಿನ ಜಾತ್ರೆ, ಅದೇ ಹೊತ್ತಿಗೆ ತಲಕಾಡಿನ ಹತ್ತಿರ ಮುಡುಕುತೊರೆಯ ಜಾತ್ರೆ ಮತ್ತು ದನಗಳ ಪರಿಷೆ, ಬೇಸಿಗೆ ಏರುವ ಹೊತ್ತಿಗೆ ನಂಜನಗೂಡಿನ ಪಂಚ ಮಹಾರಥೋತ್ಸವ. 1989ರಿಂದ ಮೂರು ವರ್ಷಕ್ಕೊಮ್ಮೆ ತಿರುಮಕೂಡಲಿನಲ್ಲಿ ಕುಂಭಮೇಳವೂ ನಡೆಯುವ ರೂಢಿಯಾಗಿದೆ. ತಲಕಾಡಿನ ಪಂಚಲಿಂಗ ದರ್ಶನ ಹಲವು ವರ್ಷಗಳಿಗೊಮ್ಮೆ ಬರುತ್ತದೆ. ಕಳೆದ ಬಾರಿ ನಡೆದದ್ದು 2020ರ ಡಿಸೆಂಬರಿನಲ್ಲಿ.

ಈ ಸೀಮೆ ದಾರಿಗಳದ್ದೂ ಹೌದು. ಮೈಸೂರಿನಿಂದ ನಂಜನಗೂಡಿನ ಮೇಲೆ ಗುಂಡ್ಲುಪೇಟೆ, ಅಲ್ಲಿಂದ ಊಟಿ ಮತ್ತು ವಯನಾಡು. ಇನ್ನೊಂದು ಕವಲಿನಲ್ಲಿ ಚಾಮರಾಜನಗರ ಮತ್ತು ತಮಿಳು ಸೀಮೆ. ನರಸೀಪುರದ ಮೇಲೆ ಕೊಳ್ಳೇಗಾಲ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಟ್ಟಿದ್ದೆಂದು ಹೇಳುವ ಕಪಿಲೆಯ ಹಳೆಯ ಸೇತುವೆಯ ಮೇಲೆ ಎಷ್ಟು ಬಗೆಯ ಜನ ನಡೆದುಹೋಗಿರಬಹುದು! ಹಳ್ಳಿಯ ಸಂತೆಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಜಾತ್ರೆಯಲ್ಲಿ ಮಾತ್ರ ಎಲ್ಲರೂ ಅಪರಿಚಿತರು. ಗಾರುಡಿಗನಿಗೆ ಬೇಕಾದದ್ದು ಇಂಥ ಜಾಗವೇ.

ನಂಜನಗೂಡಿನ ದೇವರಿಗೆ 'ಹಕೀಮ್ ನಂಜುಂಡ' ಎಂಬ ಹೆಸರಿರುವುದು ಓದುಗರಿಗೆ ತಿಳಿದದ್ದೇ. ಟಿಪ್ಪು ಸುಲ್ತಾನರ ಪಟ್ಟದಾನೆಯ ಕಣ್ಣಿನ ರೋಗ ಇಲ್ಲಿ ವಾಸಿಯಾಯಿತು, ಅದಕ್ಕೆ ಅವರು ಪಚ್ಚೆಯ ಲಿಂಗವನ್ನು ಅರ್ಪಿಸಿದರು ಎಂಬುದು ಐತಿಹ್ಯ. ಪಚ್ಚೆಲಿಂಗ ಇಂದಿಗೂ ದೇಗುಲದಲ್ಲಿದೆ. ಒಬ್ಬ ಸುಲ್ತಾನ ಶಿವನನ್ನು ತನ್ನ ಭಾಷೆಯ ಮಾತಿನಲ್ಲಿ ಹಕೀಮ ಎಂದು ಕರೆದದ್ದನ್ನು ಊರಿನ ಜನ ಎರಡು ಶತಮಾನಗಳಿಂದ ಪ್ರೀತಿಯಿಂದ ಹೇಳಿಕೊಂಡು ಬಂದಿದ್ದಾರೆ. ಇಂಥ ಊರಿನ ಜಾತ್ರೆಯಲ್ಲಿ ಗಾರುಡಿಗ ಯಾವ ಜಾತಿ, ಯಾವ ಧರ್ಮ ಎಂದು ಕೇಳಿ ಕಾಸು ಹಾಕುವವರು ಇರಲಿಲ್ಲ.

ಹೆಸರಿನೊಳಗಿನ ಕತೆ

'ಗಾರುಡಿಗ' ಎಂಬ ಹೆಸರು ಗರುಡನಿಂದ ಬಂದದ್ದು. ಗರುಡ ಹಾವಿನ ಶತ್ರು. ಹಾವಿನ ವಿಷ ಇಳಿಸುವ ಮಂತ್ರವಿದ್ಯೆಗೆ ಗಾರುಡ ವಿದ್ಯೆ ಎನ್ನುತ್ತಿದ್ದರು. ವಿಷ ಇಳಿಸುವವನು ಹಾವು ಹಿಡಿಯುವವನೂ ಆದ, ಹಾವು ಆಡಿಸುವವನೂ ಆದ, ಕಾಲಾನುಕ್ರಮದಲ್ಲಿ ಕೈಚಳಕ ತೋರಿಸುವವನೂ ಆದ. ವಿಷವನ್ನು ಕುಡಿದ ದೇವರ ಊರು ನಂಜನಗೂಡು. ಅದರ ಹಳೆಯ ಹೆಸರು ಗರಳಪುರಿ. ಗಾರುಡಿಗನಿಗೂ ಈ ಊರಿಗೂ ಹೆಸರಿನಲ್ಲೇ ಒಂದು ನಂಟಿದೆ ಎಂದರೆ ತಪ್ಪಾಗಲಾರದು.

ಕನ್ನಡದಲ್ಲಿ ಈ ಕಲೆಗೆ ಇನ್ನೂ ಹಲವು ಮಾತುಗಳಿವೆ. ಇಂದ್ರಜಾಲ, ಯಕ್ಷಿಣಿ, ಮೋಡಿ, ಕೈಚಳಕ, ಕಣ್ಕಟ್ಟು. ಪಾರಸಿಯಿಂದ ಬಂದ 'ಜಾದೂ' ಈಗ ನಮ್ಮದೇ ಮಾತಾಗಿದೆ. ಇವುಗಳಲ್ಲಿ ಕೈಚಳಕ ಮತ್ತು ಕಣ್ಕಟ್ಟು ಎಂಬ ಎರಡನ್ನು ಗಮನಿಸಿ. ಒಂದು ಆಡಿಸುವವನ ಕೈಯ ಚುರುಕನ್ನು ಹೇಳುತ್ತದೆ, ಇನ್ನೊಂದು ನೋಡುವವನ ಕಣ್ಣಿಗೆ ಆಗುವುದನ್ನು ಹೇಳುತ್ತದೆ. ದೆವ್ವ, ದೇವರು, ಮಂತ್ರ ಯಾವುದೂ ಈ ಮಾತುಗಳಲ್ಲಿಲ್ಲ. 'ಮಾಟ' ಎಂಬುದಕ್ಕೆ ಕನ್ನಡಿಗರು ಬೇರೆಯೇ ಮಾತನ್ನು ಇಟ್ಟುಕೊಂಡರು. ಅರಬಿ, ಉರ್ದುಗಳಲ್ಲೂ ಹಾಗೆಯೇ: ಮಾಟಕ್ಕೆ 'ಸಿಹ್ರ್', ಕೈಚಳಕದ ಆಟಕ್ಕೆ 'ಶೋಬದಾ'. ಆಟ ಬೇರೆ, ಮಾಟ ಬೇರೆ ಎಂಬ ಅರಿವು ಓದುಬರಹ ಇಲ್ಲದ ಜನರ ಭಾಷೆಯಲ್ಲೂ ಇತ್ತು.

ಖಾಜಿ ಹೇಳಿದ ಮಾತು

ಇದಕ್ಕೊಂದು ಸೊಗಸಾದ ಸಾಕ್ಷಿ ಇಬ್ನ್ ಬತೂತಾನ ಪ್ರವಾಸ ಕಥನದಲ್ಲಿದೆ. ಮೊರಾಕ್ಕೋದ ಈ ಮಹಾ ಪ್ರವಾಸಿ 14ನೇ ಶತಮಾನದಲ್ಲಿ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದ. ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡವನು. ಚೀನಾದ ಹಾಂಗ್‌ಝೌ ನಗರದಲ್ಲಿ ಒಂದು ರಾತ್ರಿ ಅವನು ಒಬ್ಬ ಜಾದೂಗಾರನ ಆಟ ನೋಡಿದ. ಜಾದೂಗಾರ ಒಂದು ಚೆಂಡನ್ನು ಮೇಲೆ ಎಸೆದ, ಅದಕ್ಕೆ ಕಟ್ಟಿದ ಪಟ್ಟಿಯನ್ನು ಹಿಡಿದು ಹುಡುಗನೊಬ್ಬ ಮೇಲೇರಿ ಮಾಯವಾದ. ಜಾದೂಗಾರನೂ ಹಿಂದೆಯೇ ಹತ್ತಿದ. ಹುಡುಗನ ಕೈಕಾಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಕೊನೆಗೆ ಅವನ್ನೆಲ್ಲ ಜೋಡಿಸಿದಾಗ ಹುಡುಗ ಎದ್ದು ನಿಂತ. ಇಬ್ನ್ ಬತೂತಾನ ಎದೆ ಹೊಡೆದುಕೊಳ್ಳತೊಡಗಿತು. ಹಿಂದೆ ದೆಹಲಿಯಲ್ಲಿ ಯೋಗಿಯೊಬ್ಬ ಗಾಳಿಯಲ್ಲಿ ಮೇಲೇರಿದ್ದನ್ನು ಕಂಡು ಅವನು ಮೂರ್ಛೆ ಹೋಗಿದ್ದವನು. ಆಗ ಪಕ್ಕದಲ್ಲಿದ್ದ ಖಾಜಿ ಸಮಾಧಾನ ಹೇಳಿದ: ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ, ಕಡಿದದ್ದೂ ಇಲ್ಲ, ಎಲ್ಲವೂ ಕಣ್ಕಟ್ಟು.

ಆ ಖಾಜಿ ಜಾದೂಗಾರನನ್ನು ಹಿಡಿದು ಶಿಕ್ಷಿಸಿರೆಂದು ಹೇಳಲಿಲ್ಲ. ಇದು ಆಟ ಎಂದು ಗುರುತಿಸಿ, ಹೆದರಿದ ಅತಿಥಿಗೆ ಧೈರ್ಯ ಹೇಳಿದ, ಅಷ್ಟೇ. ಅದಕ್ಕೂ ಐದಾರು ಶತಮಾನಗಳ ಹಿಂದೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದೇ ಬಗೆಯ ಉಪಮೆ ತಂದಿದ್ದಾರೆ. ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೆ ಏರುವಂತೆ ಕಾಣುವ ಮಾಯಾವಿ ಬೇರೆ, ನೆಲದ ಮೇಲೆ ನಿಂತೇ ಇರುವ ನಿಜವಾದ ಮಾಯಾವಿ ಬೇರೆ ಎಂದು. ವೇದಾಂತಿಗೂ ಖಾಜಿಗೂ ಜಾದೂಗಾರ ಒಬ್ಬ ಪರಿಚಿತ ವ್ಯಕ್ತಿ. ಇಬ್ಬರೂ ಅವನನ್ನು ಕಂಡು ಯೋಚನೆ ಮಾಡಿದರು.

ಕರ್ನಾಟಕದ ನೆಲದಲ್ಲಿ ಇಂಥ ಆಟಗಾರರನ್ನು ಕಂಡು ಬರೆದವರಲ್ಲಿ ಅಬ್ದುರ್ರಝಾಕ್ ಪ್ರಮುಖ. ಹೆರಾತಿನ ಶಾರುಖನ ರಾಯಭಾರಿಯಾಗಿ ಅವನು 1443ರಲ್ಲಿ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಬಂದ. ಎರಡನೆಯ ದೇವರಾಯನ ಕಾಲದ ಮಹಾನವಮಿಯನ್ನು ಕಣ್ಣಾರೆ ಕಂಡು, ಅಲ್ಲಿನ ಆಟಗಾರರು ತೊಲೆಯ ಮೇಲೆ ಆನೆಯನ್ನು ತೂಗಿಸಿ ವಾದ್ಯದ ಲಯಕ್ಕೆ ತಕ್ಕಂತೆ ಆಡಿಸಿದ ಸೋಜಿಗವನ್ನು ಬರೆದಿಟ್ಟ. ವಿಜಯನಗರದ ಈ ಮಹಾನವಮಿಯ ಸಂಪ್ರದಾಯವೇ ಮುಂದೆ ಮೈಸೂರು ಒಡೆಯರ ದಸರೆಗೆ ಬಂದದ್ದು.

ಎರವಲು ಕಾಸಿನ ವಿದ್ಯೆ

ಈಗ ಜಾತ್ರೆಯ ಗೆರೆಯೊಳಕ್ಕೆ ಮರಳೋಣ. ಗಾರುಡಿಗ ಸದಾ ಸಿದ್ಧನಾಗಿರುತ್ತಿದ್ದುದು ಹೇಗೆ? ಅವನ ಜೋಳಿಗೆ ಚಿಕ್ಕದು. ಮೂರು ಬಟ್ಟಲು, ನಾಲ್ಕಾರು ಗುಂಡು, ಒಂದು ಬಿದಿರಿನ ಬುಟ್ಟಿ, ಒಂದು ಹಳೆಯ ಚಾದರ, ಒಂದಿಷ್ಟು ದಾರ. ಉಳಿದದ್ದೆಲ್ಲ ನೋಡಲು ಬಂದವರದ್ದೇ. "ಬುದ್ಧೀ, ಒಂದು ನಾಕಾಣೆ ಕೊಡಿ, ಎಲ್ಲೂ ಹೋಗಲ್ಲ" ಎಂದು ಯಜಮಾನರಿಂದ ಕಾಸು ಪಡೆಯುತ್ತಿದ್ದ. "ತಾಯೀ, ಒಂದು ವೀಳ್ಯದೆಲೆ" ಎಂದು ಇನ್ನೊಬ್ಬರಿಂದ ಎಲೆ. ಅವರ ಕಾಸು ಅವರದೇ ಮುಷ್ಟಿಯಲ್ಲಿ ಮಾಯವಾಗಿ ಪಕ್ಕದ ಹುಡುಗನ ಕಿವಿಯ ಹಿಂದೆ ಸಿಗುತ್ತಿತ್ತು. ಎರವಲು ಪಡೆದ ವಸ್ತುವಿನಿಂದ ಆಟ ಆಡಿದರೆ ಇದರೊಳಗೆ ಮೋಸದ ಯಂತ್ರವಿದೆ ಎಂದು ಯಾರೂ ಹೇಳುವಂತಿಲ್ಲ. ಜೊತೆಗೆ, ಹೊತ್ತು ತಿರುಗುವ ಭಾರವೂ ಕಡಿಮೆ.

ಅವನಿಗಿದ್ದ ದೊಡ್ಡ ಕಷ್ಟವೆಂದರೆ ಜನ ಸುತ್ತಲೂ ನಿಂತಿರುತ್ತಾರೆ. ವೇದಿಕೆಯ ಮಾಂತ್ರಿಕನಿಗೆ ಪ್ರೇಕ್ಷಕರು ಎದುರಿಗೆ ಮಾತ್ರ; ಬೆನ್ನ ಹಿಂದೆ ಪರದೆ. ಗಾರುಡಿಗನಿಗೆ ಬೆನ್ನ ಹಿಂದೆಯೂ ಕಣ್ಣುಗಳು. ಅದೂ ಕುಕ್ಕರಗಾಲಲ್ಲಿ ಕುಳಿತು ಬಗ್ಗಿ ನೋಡುವ ತುಂಟ ಹುಡುಗರ ಕಣ್ಣುಗಳು. ಆದ್ದರಿಂದ ಅವನು ಕೈಗಿಂತ ಹೆಚ್ಚಾಗಿ ಮಾತನ್ನು ಪಳಗಿಸಿದ. ಬುಡುಬುಡಿಕೆ ಅಲುಗಿಸಿದ ಕಡೆ ಕಣ್ಣು ಹೋಗುತ್ತದೆ, ಹುಡುಗನನ್ನು ಗದರಿಸಿದ ಕಡೆ ಕಿವಿ ಹೋಗುತ್ತದೆ, ಆ ಅರೆಕ್ಷಣದಲ್ಲಿ ಗುಂಡು ಬಟ್ಟಲಿನಿಂದ ಬಟ್ಟಲಿಗೆ ಹೋಗಿರುತ್ತದೆ. ಮಾವಿನ ಓಟೆ ಊರಿ ನೀರು ಚಿಮುಕಿಸಿ ಚಾದರ ಮುಚ್ಚಿ, ಸ್ವಲ್ಪ ಹೊತ್ತಿಗೆ ಮೊಳಕೆ, ಇನ್ನೂ ಸ್ವಲ್ಪ ಹೊತ್ತಿಗೆ ಎಲೆಗಳ ಗಿಡ ತೋರಿಸುವ ಆಟ ಭಾರತದ ಉದ್ದಗಲಕ್ಕೂ ಹೆಸರಾದದ್ದು. ಬೇರೆ ಬೇರೆ ಎತ್ತರದ ಸಸಿಗಳನ್ನು ಚಾದರದ ಮರೆಯಲ್ಲಿ ಬದಲಿಸುವುದೇ ಅದರ ಗುಟ್ಟು. ಗುಟ್ಟು ಗೊತ್ತಿದ್ದವರಿಗೆಲ್ಲ ಆ ಆಟ ಬರುವುದಿಲ್ಲ. ನೂರು ಜನರ ನಡುವೆ, ಬಯಲಲ್ಲಿ, ಹಗಲು ಬೆಳಕಿನಲ್ಲಿ ಅದನ್ನು ಮಾಡಲು ವರ್ಷಗಳ ಅಭ್ಯಾಸ ಬೇಕು.

ಗಾರುಡಿಗನ ಇನ್ನೊಂದು ಉಪಾಯವನ್ನು ನೆನೆದು ಇಂದಿಗೂ ಹಿರಿಯರು ನಗುತ್ತಾರೆ. ಅದು ಹಾವು ಮುಂಗುಸಿಯ ಜಗಳ. ಒಂದು ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ. "ಈಗ ಬಿಡ್ತೀನಿ, ಈಗ ಬಿಡ್ತೀನಿ" ಎಂದು ಇಡೀ ಆಟ ಸಾಗುತ್ತಿತ್ತು. ಜಗಳ ಮಾತ್ರ ನಡೆಯುತ್ತಿರಲಿಲ್ಲ. ಕುತೂಹಲ ಏರಿದ ಹೊತ್ತಿಗೆ ಸರಿಯಾಗಿ ಹುಡುಗ ತಟ್ಟೆ ಹಿಡಿದು ಬರುತ್ತಿದ್ದ. ನಡುವೆ ಎದ್ದು ಹೋದವರು ರಕ್ತ ಕಾರುತ್ತಾರೆ ಎಂಬ ಹೆದರಿಕೆ ಬೇರೆ! ಮಕ್ಕಳು ನಡುಗುತ್ತ ನಿಂತಲ್ಲೇ ನಿಲ್ಲುತ್ತಿದ್ದರು. ಆಟದ ಕೊನೆಗೆ ತಾಯಿತ, ಹಲ್ಲುಪುಡಿ, ನೋವಿನ ಎಣ್ಣೆ ಮಾರುವವರೂ ಇದ್ದರು. ಗಾರುಡಿಗನನ್ನು ಹೊಗಳುವ ಭರದಲ್ಲಿ ಇದನ್ನು ಮರೆಮಾಚಬಾರದು. ಆಟಕ್ಕೂ ವಂಚನೆಗೂ ನಡುವಿನ ಗೆರೆ ತೆಳುವಾದದ್ದು. ಹಸಿದವನು ಕೆಲವೊಮ್ಮೆ ಅದನ್ನು ದಾಟಿದ್ದೂ ಉಂಟು.

ಯಾರಿವರು?

ಈ ವಿದ್ಯೆ ಒಂದೇ ಜಾತಿಯದಲ್ಲ, ಒಂದೇ ಧರ್ಮದ್ದೂ ಅಲ್ಲ. ಕರ್ನಾಟಕದ ಸುಡುಗಾಡು ಸಿದ್ಧರು ಕೈಚಳಕಕ್ಕೆ ಹೆಸರಾದ ಅಲೆಮಾರಿಗಳು. ಹಗ್ಗದ ಮೇಲೆ ನಡೆಯುವ, ಗಳು ಏರುವ ದೊಂಬರು ಇನ್ನೊಂದು ಸಮುದಾಯ. ಈ ಎರಡೂ ಸಮುದಾಯಗಳು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ. ಹಾವಾಡಿಗರು ಬೇರೆ. ಮುಸ್ಲಿಮರಲ್ಲಿ ಕರಡಿ ಆಡಿಸುವ ದರವೇಶಿಗಳು, ಆಟ ತೋರಿಸುವ ಬಾಜಿಗಾರರು. ಪಾರಸಿಯಲ್ಲಿ 'ಬಾಜಿ' ಎಂದರೆ ಆಟ. ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ನದಾಫ, ಪಿಂಜಾರ, ಛಪ್ಪರಬಂದ್ ಇವರ ಜೊತೆಗೆ ದರವೇಶಿ, ಬಾಜಿಗಾರ ಎಂಬ ಹೆಸರುಗಳೂ ಇವೆ. ನಮ್ಮ ಸಮುದಾಯದ ಎಷ್ಟು ಓದುಗರಿಗೆ ಈ ಹೆಸರುಗಳು ಗೊತ್ತು? ಮುಸ್ಲಿಮರ ಚರಿತ್ರೆ ಎಂದರೆ ಸುಲ್ತಾನರು, ಸೂಫಿಗಳು, ವ್ಯಾಪಾರಿಗಳು ಎಂದುಕೊಂಡವರು ಬೀದಿಯಲ್ಲಿ ಬುಡುಬುಡಿಕೆ ಅಲುಗಿಸಿದ ಬಾಜಿಗಾರನನ್ನು ಮರೆತಿದ್ದಾರೆ.

ಉತ್ತರ ಭಾರತದಲ್ಲಿ ಬೀದಿ ಆಟಗಾರನಿಗೆ 'ಮದಾರಿ' ಎಂಬ ಹೆಸರು ನಿಂತದ್ದು ಕಾನ್ಪುರದ ಹತ್ತಿರದ ಮಕನ್‌ಪುರದಲ್ಲಿ ಮಲಗಿರುವ ಸೂಫಿ ಬದೀಉದ್ದೀನ್ ಶಾಹ್ ಮದಾರ್ ಅವರ ಅನುಯಾಯಿ ಫಕೀರರಿಂದ. ಗರುಡನಿಂದ ಒಂದು ಹೆಸರು, ಸೂಫಿಯೊಬ್ಬರಿಂದ ಇನ್ನೊಂದು ಹೆಸರು. ಆದರೆ ನೆಲದ ಮೇಲೆ ಎಳೆದ ಗೆರೆ, ಬುಟ್ಟಿ, ಚಾದರ, ತಟ್ಟೆ ಹಿಡಿದ ಹುಡುಗ ಎಲ್ಲ ಕಡೆಯೂ ಅವೇ.

ಹೊರಗೆ ಹೊಗಳಿಕೆ, ಒಳಗೆ ಕೋಳ

19ನೇ ಶತಮಾನದ ಆರಂಭದಲ್ಲಿ ಭಾರತದ ಬೀದಿ ಆಟಗಾರರು ಲಂಡನ್ ತಲುಪಿದರು. ಅವರಲ್ಲಿ ರಾಮೋ ಸಾಮಿ ಎಂಬುವನ ಹೆಸರು ಬಹಳ ಪ್ರಸಿದ್ಧವಾಯಿತು. ಕತ್ತಿ ನುಂಗುವುದು, ಗುಂಡುಗಳನ್ನು ಎಸೆದು ಆಡುವುದು ಅವನ ವಿದ್ಯೆ. ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1821ರಲ್ಲಿ ಭಾರತದ ಆಟಗಾರರ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದ. ಆ ಆಟಗಾರನ ಪರಿಪೂರ್ಣತೆಯ ಮುಂದೆ ತನ್ನ ಬರವಣಿಗೆ ಏನೂ ಅಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಬರಹಗಾರನ ತಪ್ಪು ಅಡಗಿಕೊಳ್ಳಬಹುದು, ಗುಂಡು ಕೈತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಆ ರಾಮೋ ಸಾಮಿ 1850ರಲ್ಲಿ ಲಂಡನ್ನಿನಲ್ಲೇ ಬಡತನದಲ್ಲಿ ತೀರಿಕೊಂಡ.

1890ರ ಆಗಸ್ಟಿನಲ್ಲಿ ಅಮೆರಿಕದ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ಭಾರತದ ಹಗ್ಗದ ಜಾದೂವನ್ನು ಕಣ್ಣಾರೆ ಕಂಡವರ ಕತೆಯನ್ನು ಅಚ್ಚುಹಾಕಿತು. ಲೋಕವೆಲ್ಲ ಬೆರಗಾಯಿತು. ಕೆಲವು ತಿಂಗಳ ನಂತರ ಅದೇ ಪತ್ರಿಕೆ ಅದು ಕಟ್ಟುಕತೆ ಎಂದು ಒಪ್ಪಿಕೊಂಡಿತು. ಒಪ್ಪಿಗೆಯನ್ನು ಯಾರೂ ಓದಲಿಲ್ಲ, ಕತೆ ಮಾತ್ರ ಊರೂರು ಸುತ್ತಿತು. 1934ರಲ್ಲಿ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಬಯಲಲ್ಲಿ ಈ ಆಟ ತೋರಿಸಿದವರಿಗೆ 500 ಗಿನಿ ಕೊಡುವುದಾಗಿ ಸಾರಿತು; ಪಡೆದವರಿಲ್ಲ. ನಮ್ಮ ಗಾರುಡಿಗ ನಿಜವಾಗಿ ಮಾಡುತ್ತಿದ್ದ ಆಟಗಳಿಗಿಂತ ಅವನು ಮಾಡದ ಆಟಕ್ಕೇ ಹೆಚ್ಚು ಹೆಸರು ಬಂತು.

ಹೀಗೆ ಹೊರಗೆ ಹೆಸರು ಬೆಳೆಯುತ್ತಿದ್ದ ಕಾಲದಲ್ಲೇ ಒಳಗೆ ಬೇರೆ ನಡೆಯಿತು. ಬ್ರಿಟಿಷ್ ಸರಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮನೆ ಮಠ ಇಲ್ಲದೆ ಊರೂರು ತಿರುಗುವ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಎಂಬುದು ಅದರ ಹಿಂದಿನ ಯೋಚನೆ. 1911ರ ಹೊಸ ಕಾಯ್ದೆ ಅದನ್ನು ಮದರಾಸು ಪ್ರಾಂತಕ್ಕೂ ವಿಸ್ತರಿಸಿತು. ಸಿಕ್ಕವರೆಲ್ಲ ಪೊಲೀಸರ ಮುಂದೆ ಹಾಜರಿ ಹಾಕಬೇಕು, ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ. ತಿರುಗುವುದೇ ಬದುಕಾದವರಿಗೆ ತಿರುಗುವುದೇ ಅಪರಾಧವಾಯಿತು. ಸ್ವತಂತ್ರ ಭಾರತ 1952ರ ಆಗಸ್ಟ್ 31ರಂದು ಈ ಕಾಯ್ದೆಯನ್ನು ತೆಗೆದುಹಾಕಿತು. ಆದರೆ ಅಲೆಮಾರಿಯನ್ನು ಕಂಡರೆ ಕಳ್ಳನೆಂದು ನೋಡುವ ಕಣ್ಣನ್ನು ಯಾವ ಕಾಯ್ದೆಯೂ ತೆಗೆದುಹಾಕಲಿಲ್ಲ.

ಆಟವನ್ನು ಆಟವೆಂದು ಹೇಳುವವನು

ಕೈಚಳಕವನ್ನು ದೈವಶಕ್ತಿ ಎಂದು ಮಾರುವವರು ಎಲ್ಲ ಕಾಲದಲ್ಲೂ, ಎಲ್ಲ ಧರ್ಮಗಳಲ್ಲೂ ಇದ್ದಾರೆ. 13ನೇ ಶತಮಾನದಲ್ಲಿ ಡಮಾಸ್ಕಸ್‌ನ ಅಲ್ ಜೌಬರಿ ಎಂಬ ವಿದ್ವಾಂಸ ಇಂಥವರ ಗುಟ್ಟುಗಳನ್ನೆಲ್ಲ ಬಯಲು ಮಾಡಿ ಒಂದು ಅರಬಿ ಗ್ರಂಥವನ್ನೇ ಬರೆದ. ಸುಳ್ಳು ಪ್ರವಾದಿಗಳು, ಕಪಟ ಶೇಖರು, ನಕಲಿ ವೈದ್ಯರು, ಬಂಗಾರ ಮಾಡುತ್ತೇವೆನ್ನುವವರು, ಯಾರನ್ನೂ ಅವನು ಬಿಡಲಿಲ್ಲ. ತನ್ನ ಧರ್ಮದವರೆಂದು ಅವನು ಯಾರಿಗೂ ರಿಯಾಯಿತಿ ತೋರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು.

ಕರ್ನಾಟಕದಲ್ಲಿ ಆ ಕೆಲಸವನ್ನು ಮಾಡಿದವರಲ್ಲಿ ಎಚ್. ನರಸಿಂಹಯ್ಯನವರು ಮೊದಲಿಗರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಅವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಗಾಳಿಯಿಂದ ವಸ್ತುಗಳನ್ನು ಸೃಷ್ಟಿಸುತ್ತಾರೆಂದು ಹೆಸರಾಗಿದ್ದ ಸತ್ಯ ಸಾಯಿಬಾಬಾ ಅವರಿಗೆ ಸಮಿತಿ ಪತ್ರ ಬರೆಯಿತು. ಪರೀಕ್ಷೆಗೆ ಅವಕಾಶ ಸಿಗಲಿಲ್ಲ. ಮುಂದೆ ಹುಲಿಕಲ್ ನಟರಾಜ್ ಮೊದಲಾದವರು ಶಾಲೆ, ಸಭೆಗಳಲ್ಲಿ ನಡೆಸಿದ 'ಪವಾಡ ಬಯಲು' ಕಾರ್ಯಕ್ರಮಗಳು ಹಳ್ಳಿಹಳ್ಳಿಗೂ ತಲುಪಿದವು. ಉರಿಯುವ ಕರ್ಪೂರ ನುಂಗಿ, ಬರಿಗೈಯಿಂದ ವಿಭೂತಿ ಉದುರಿಸಿ, ಅದರ ಗುಟ್ಟನ್ನು ಅಲ್ಲೇ ಹೇಳುವ ಕಾರ್ಯಕ್ರಮಗಳಿವು. ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಮಸೂದೆ ಅಂಗೀಕಾರವಾಗಿ 2020ರಲ್ಲಿ ಕಾಯ್ದೆ ಜಾರಿಗೆ ಬಂತು.

ಇಲ್ಲಿ ಒಂದು ವಿಚಿತ್ರ ನೋಡಿ. ಬಾಬಾ ಮತ್ತು ಗಾರುಡಿಗ ಇಬ್ಬರ ಕೈಯೂ ಒಂದೇ ಕೆಲಸ ಮಾಡುತ್ತದೆ. ಒಬ್ಬನ ಮುಂದೆ ಜನ ಅಡ್ಡಬೀಳುತ್ತಾರೆ, ಇನ್ನೊಬ್ಬನ ತಟ್ಟೆಗೆ ನಾಕಾಣೆ ಹಾಕುತ್ತಾರೆ. ಒಬ್ಬ ತಾನು ಆರಿಸಿದ ಭಕ್ತರ ಮುಂದೆ, ತಾನು ಆರಿಸಿದ ಹೊತ್ತಿನಲ್ಲಿ ಮಾತ್ರ ಪವಾಡ ತೋರುತ್ತಾನೆ. ಇನ್ನೊಬ್ಬ ಯಾರೆಂದು ಗೊತ್ತಿಲ್ಲದವರ ಮುಂದೆ, ಕೇಳಿದ ಹೊತ್ತಿನಲ್ಲಿ, ಬಿಸಿಲಿನಲ್ಲಿ, ನಾಲ್ಕೂ ಕಡೆಯಿಂದ ನೋಡಿ ಎಂದು ತೋರುತ್ತಾನೆ. ಯಾರ ಮುಂದೆಯೂ ತೋರಿಸಲು ತಯಾರಿರುವುದೇ ಗಾರುಡಿಗನ ಪ್ರಾಮಾಣಿಕತೆ. "ಎಲ್ಲಾ ಹೊಟ್ಟೆಪಾಡು ಸ್ವಾಮಿ" ಎಂದು ಕೊನೆಗೆ ಅವನೇ ಹೊಟ್ಟೆ ತಟ್ಟಿಕೊಂಡು ಹೇಳಿಬಿಡುತ್ತಿದ್ದ. ಇದಕ್ಕಿಂತ ನೇರವಾದ ಮಾತು ಇನ್ನೇನಿದೆ?

ಗೆರೆ ಅಳಿಸಿಹೋದದ್ದು

ಗಾರುಡಿಗ ಮರೆಯಾದದ್ದಕ್ಕೆ ಸಿನಿಮಾ, ಟಿವಿ, ಮೊಬೈಲುಗಳನ್ನು ದೂರುವುದು ಸುಲಭ. ಅವೂ ಕಾರಣವೇ, ಆದರೆ ಅವಷ್ಟೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವಾಡಿಗನ ಬುಟ್ಟಿಯನ್ನು ಕಸಿಯಿತು. ಕುಣಿಯುವ ಕರಡಿಗಳಲ್ಲಿ ದೇಶದ ಕೊನೆಯದೆಂದು ಹೇಳಲಾದ ಕರಡಿ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿತು. ಮೂಗು ಚುಚ್ಚಿ ಹಗ್ಗ ಹಾಕಿದ ಆ ಮೂಕಪ್ರಾಣಿಗಳಿಗೆ ಬಿಡುಗಡೆ ಸಿಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಣಿಗಾಗಿ ಕಾಯ್ದೆ ಮಾಡಿದ ಸಮಾಜ ಅದನ್ನು ಆಡಿಸುತ್ತಿದ್ದವನ ನಾಳೆಯ ಅನ್ನದ ಬಗ್ಗೆ ಅಷ್ಟೇ ಗಂಭೀರವಾಗಿ ಯೋಚಿಸಿತೇ?

ಹಾವು ಕರಡಿ ಇಲ್ಲದ, ಬಟ್ಟಲು ಗುಂಡುಗಳ ಆಟಗಾರನಿಗೂ ನೆಮ್ಮದಿ ಇರಲಿಲ್ಲ. 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯ್ದೆ ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದನ್ನೂ ಭಿಕ್ಷೆಯ ನೆಪಗಳೆಂದು ಎಣಿಸಿತು. ದೆಹಲಿಗೂ ಅನ್ವಯಿಸಿದ್ದ ಆ ಕಾಯ್ದೆಯ ಮುಖ್ಯ ಭಾಗಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದುಮಾಡಿತು. ಆದರೆ ಅದೇ ದೆಹಲಿಯಲ್ಲಿ ಜಾದೂಗಾರರು, ಗೊಂಬೆಯಾಟದವರು ದಶಕಗಳಿಂದ ವಾಸವಿದ್ದ ಕಠ್‌ಪುತಲಿ ಕಾಲೊನಿ 2017ರಲ್ಲೇ ನೆಲಸಮವಾಗಿತ್ತು. ಇತ್ತ ಅಮೆರಿಕದಲ್ಲಿ ಡೇವಿಡ್ ಬ್ಲೇನ್ ಎಂಬ ತರುಣ 1997ರಲ್ಲಿ ದಾರಿಹೋಕರ ಮುಂದೆ ಜಾದೂ ತೋರಿಸಿ ಟಿವಿಯಲ್ಲಿ ಜಗತ್ಪ್ರಸಿದ್ಧನಾದ. ಬೀದಿಗಿಳಿದ ಜಾದೂಗಾರ ಅಲ್ಲಿ ಹೊಸ ಸೋಜಿಗವಾದ. ಇಲ್ಲಿ ತಲೆತಲಾಂತರದಿಂದ ಬೀದಿಯಲ್ಲಿದ್ದವನಿಗೆ ಬೀದಿಯೂ ಉಳಿಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಡೆತ ಬೇರೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಕೂಲಿಯೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದ ಸಂತೆಯಲ್ಲಿ ನಾಥಪಂಥದ ಐವರು ಅಲೆಮಾರಿಗಳನ್ನು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಮುಸ್ಲಿಂ ತರುಣ ಇಂಜಿನಿಯರ್ ಗುಂಪಿಗೆ ಬಲಿಯಾದ. ಅವನ ಬಳಗದವರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತೆಂದು ವರದಿಗಳು ಹೇಳಿದವು. ಇಂಥ ದಿನಗಳಲ್ಲಿ ಯಾವ ಗಾರುಡಿಗ ಗುರುತಿಲ್ಲದ ಊರಿನಲ್ಲಿ ಒಂದು ಮಗುವನ್ನು ಹತ್ತಿರ ಕರೆದು ಅದರ ಕಿವಿಯ ಹಿಂದಿನಿಂದ ಕಾಸು ತೆಗೆಯಲು ಧೈರ್ಯ ಮಾಡುತ್ತಾನೆ?

ಒಂದು ಕಾಲದಲ್ಲಿ ಅದೇ ಅವನ ಗುರುತಿನ ಚೀಟಿಯಾಗಿತ್ತು. ಗೊತ್ತಿಲ್ಲದ ಊರಿಗೆ ಬಂದ ಅಪರಿಚಿತ, ಮಗುವಿನ ಕಿವಿಯಿಂದ ಕಾಸು ತೆಗೆದ ಕೂಡಲೇ ಅಪರಿಚಿತನಾಗಿ ಉಳಿಯುತ್ತಿರಲಿಲ್ಲ. ಮಗು ನಗುತ್ತಿತ್ತು, ತಾಯಿ ಬೆರಗಾಗುತ್ತಿದ್ದಳು, ಯಜಮಾನ ತನ್ನ ಕಾಸನ್ನು ತಿರುಗಿಸಿ ನೋಡುತ್ತಿದ್ದ. ಆ ರಾತ್ರಿ ಊರ ಛತ್ರದಲ್ಲೋ, ದರ್ಗಾದ ಅಂಗಳದಲ್ಲೋ ಅವನಿಗೆ ಮಲಗಲು ಜಾಗ ಸಿಗುತ್ತಿತ್ತು.

2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಫಲಕಗಳು ಎದ್ದವು. ಆ ಮಾತು ಬೇರೆ ಜಿಲ್ಲೆಗಳಿಗೂ ಹಬ್ಬಿತು. ಬಳೆ, ಬೆಂಡು, ಆಟಿಕೆ ಮಾರುವವರ ಹೆಸರು ಕೇಳಿ ಒಳಬಿಡುವುದಾದರೆ ಅದು ಜಾತ್ರೆಯಾಗಿ ಉಳಿಯುತ್ತದೆಯೇ? ಗುರುತಿಲ್ಲದ ಸಾವಿರಾರು ಜನ ಭಯವಿಲ್ಲದೆ ಒಂದೆಡೆ ಸೇರುವುದಕ್ಕೇ ಅಲ್ಲವೇ ನಮ್ಮ ಹಿರಿಯರು ಜಾತ್ರೆ ಎಂದು ಹೆಸರಿಟ್ಟದ್ದು? ಹಕೀಮ್ ನಂಜುಂಡನ ಸೀಮೆಯ ಜನ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಮುಸ್ಲಿಮರೂ ಕೇಳಿಕೊಳ್ಳಬೇಕು: ಉರುಸಿನ ಬೀದಿಯಲ್ಲಿ ಆಟ ತೋರಿಸಲು ಬಂದ ಅಲೆಮಾರಿಯನ್ನು, ನಮ್ಮದೇ ಬಾಜಿಗಾರ ದರವೇಶಿಯನ್ನು, ನಾವು ಹೇಗೆ ಮಾತನಾಡಿಸುತ್ತೇವೆ?

ಹಾಂಗ್‌ಝೌನ ಆ ಖಾಜಿಯ ಮಾತಿನಲ್ಲಿ ವಿವೇಕವೂ ಇತ್ತು, ಕರುಣೆಯೂ ಇತ್ತು. ಇದು ಕಣ್ಕಟ್ಟು ಎಂದು ಹೇಳುವ ವಿವೇಕ, ಕಣ್ಕಟ್ಟು ಮಾಡುವವನನ್ನು ಬದುಕಲು ಬಿಡುವ ಕರುಣೆ. ಇಂದು ಕೈಯಲ್ಲಿನ ಮೊಬೈಲು ನಮಗೆ ದಿನವೂ ಮಾಡುವ ಕಣ್ಕಟ್ಟನ್ನು ನಾವು ನಿಜವೆಂದು ನಂಬುತ್ತೇವೆ; ಆಟವನ್ನು ಆಟವೆಂದೇ ತೋರಿಸಿದ ಬಡಪಾಯಿಯನ್ನು ಅನುಮಾನಿಸುತ್ತೇವೆ. ಮುಂದಿನ ಬಾರಿ ನಂಜನಗೂಡಿನ ಬೀದಿಯಲ್ಲೋ, ನರಸೀಪುರದ ಸಂಗಮದ ದಂಡೆಯಲ್ಲೋ ಯಾರಾದರೂ ಬುಡುಬುಡಿಕೆ ಅಲುಗಿಸಿ "ಬುದ್ಧೀ, ಒಂದು ಕಾಸು ಕೊಡಿ, ಎಲ್ಲೂ ಹೋಗಲ್ಲ" ಎಂದರೆ ಒಂದು ಗಳಿಗೆ ನಿಲ್ಲೋಣ. ಕಾಸು ಕೊಡೋಣ. ಪಕ್ಕದಲ್ಲಿ ನಿಂತವನು ಯಾರೆಂದು ಕೇಳದೆ ಅವನೊಂದಿಗೆ ಬೆರಗಾಗೋಣ.